ದೇಶವೇ ಸುಸ್ತಿದಾರನಾದರೆ ಹೊಲಕ್ಕೆ ಬರುವುದೇನು?



ಸುಸ್ತಿ ಎಂಬ ಮಾತು ನಿಮಗೆ ಹೊಸದಲ್ಲ. ಸೊಸೈಟಿಯ ಕಂತು ತಪ್ಪಿದರೆ ಸುಸ್ತಿ ಬಡ್ಡಿ ಬೀಳುತ್ತದೆ. ಮುಂದಿನ ಹಂಗಾಮಿಗೆ ಬೆಳೆಸಾಲ ಸಿಗುವುದಿಲ್ಲ. ಉತಾರದಲ್ಲಿ ಬೋಜಾ ಹಾಗೆಯೇ ಕುಳಿತಿರುತ್ತದೆ. ಜಾಮೀನು ನಿಂತವರು ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸಿ ನಡೆಯುತ್ತಾರೆ. ಇಷ್ಟೆಲ್ಲ ನಿಮಗೆ ಗೊತ್ತಿರುವ ಸಂಗತಿ. ಆದರೆ ಒಂದು ದೇಶಕ್ಕೆ ದೇಶವೇ ಸುಸ್ತಿದಾರನಾದರೆ ಏನಾಗುತ್ತದೆ? ಅದರ ಹೊಲ ಯಾರು ಜಪ್ತಿ ಮಾಡುತ್ತಾರೆ? ಅದಕ್ಕೆ ಜಾಮೀನು ಯಾರು?

ಇದು ದೂರದ ಮಾತೆಂದು ಪತ್ರಿಕೆಯ ಪುಟ ತಿರುಗಿಸಬೇಡಿ. 2022ರ ಏಪ್ರಿಲ್ 12ರಂದು ನಮ್ಮ ನೆರೆಯ ಶ್ರೀಲಂಕಾ, ಹೊರದೇಶಗಳಿಂದ ತಂದ ಸಾಲದ ಕಂತುಗಳನ್ನು ಸದ್ಯಕ್ಕೆ ಕಟ್ಟಲಾಗುವುದಿಲ್ಲ ಎಂದು ಜಗತ್ತಿಗೆಲ್ಲ ತಿಳಿಸಿಬಿಟ್ಟಿತು. ಆಗ ಅದರ ಹೊರಸಾಲ ಸುಮಾರು 5,100 ಕೋಟಿ ಡಾಲರ್. ಅದಕ್ಕೆ ಮುಂಚೆ 2020ರಲ್ಲಿ ಆಫ್ರಿಕದ ಜಾಂಬಿಯಾ ಕಂತು ತಪ್ಪಿಸಿತ್ತು. 2022ರ ಕೊನೆಗೆ ಘಾನಾ ಕೂಡ ಅದೇ ದಾರಿ ಹಿಡಿಯಿತು. 1991ರಲ್ಲಿ ನಮ್ಮ ಭಾರತವೇ ಆ ಬಾಗಿಲಿನ ಹೊಸ್ತಿಲವರೆಗೆ ಹೋಗಿ ಹಿಂದಿರುಗಿ ಬಂದಿದೆ. ಆ ವರ್ಷ ನೀವು ಗೊಬ್ಬರದ ಚೀಲ ಕೊಂಡಿದ್ದರೆ ಅದರ ಬಿಸಿ ನಿಮಗೂ ತಟ್ಟಿದೆ. ಹೀಗಾಗಿ ಇದು ದಿಲ್ಲಿಯ ಮಾತೂ ಹೌದು, ನಮ್ಮ ಎರೆ ಭೂಮಿಯ ಮಾತೂ ಹೌದು.

ಸರಕಾರ ಸಾಲ ತರುವುದು ಯಾರಿಂದ?

ಸರಕಾರದ ಸಾಲದಲ್ಲಿ ಎರಡು ಬಗೆ. ಒಂದು ಮನೆಯೊಳಗಿನ ಸಾಲ. ನೀವು ಅಂಚೆ ಕಚೇರಿಯಲ್ಲಿ ಇಟ್ಟ ಉಳಿತಾಯ, ಜೀವವಿಮೆಗೆ ಕಟ್ಟಿದ ಕಂತು, ಬ್ಯಾಂಕಿನಲ್ಲಿಟ್ಟ ಠೇವಣಿ, ನೌಕರರ ಭವಿಷ್ಯ ನಿಧಿ, ಇವುಗಳಲ್ಲಿ ದೊಡ್ಡ ಪಾಲು ಸುತ್ತಿ ಬಳಸಿ ಸರಕಾರದ ಸಾಲಪತ್ರಗಳಿಗೇ ಹೋಗಿ ಸೇರುತ್ತದೆ. ಅಂದರೆ ನೀವು ಸರಕಾರಕ್ಕೆ ಸಾಲ ಕೊಟ್ಟವರು! ಇದು ರೂಪಾಯಿಯಲ್ಲಿ ತಂದ ಸಾಲ, ರೂಪಾಯಿಯಲ್ಲೇ ತೀರುವ ಸಾಲ. ನಮ್ಮ ಕೇಂದ್ರ ಸರಕಾರದ ಸಾಲದ ಬಹುಪಾಲು ಈ ಬಗೆಯದು.

ಎರಡನೆಯದು ಹೊರಸಾಲ. ವಿಶ್ವ ಬ್ಯಾಂಕು, ಅಂತರರಾಷ್ಟ್ರೀಯ ಹಣಕಾಸು ನಿಧಿ, ಪರದೇಶದ ಸರಕಾರಗಳು, ಪರದೇಶದ ಬ್ಯಾಂಕುಗಳು, ಸಾಲಪತ್ರ ಕೊಳ್ಳುವ ದೊಡ್ಡ ಹಣವಂತ ಸಂಸ್ಥೆಗಳು ಕೊಡುವ ಸಾಲ ಇದು. ತಂದದ್ದು ಡಾಲರಿನಲ್ಲಿ, ತೀರಿಸುವುದೂ ಡಾಲರಿನಲ್ಲಿ. ರೂಪಾಯಿಯನ್ನು ನಮ್ಮ ಟಂಕಸಾಲೆ ಅಚ್ಚು ಹಾಕಬಹುದು, ಡಾಲರನ್ನು ಹಾಕಲಾರದು. ಅದನ್ನು ಗಳಿಸಿಯೇ ತರಬೇಕು. ಬಟ್ಟೆ, ಚಹ, ಅಕ್ಕಿ, ಮೆಣಸಿನಕಾಯಿ, ಯಂತ್ರ, ಔಷಧ ಮಾರಿ ತರಬೇಕು, ಇಲ್ಲವೆ ಪರದೇಶದಲ್ಲಿ ದುಡಿಯುವ ನಮ್ಮ ಮಕ್ಕಳು ಕಳಿಸಬೇಕು. ಮೊದಲನೆಯ ಸಾಲ ಸ್ವಂತ ಬಾವಿಯ ನೀರಿದ್ದಂತೆ, ಎರಡನೆಯದು ಪಕ್ಕದ ಹೊಲದವನ ಬಾವಿಯಿಂದ ಪೈಪು ಹಾಕಿ ತಂದ ನೀರಿದ್ದಂತೆ. ಅವನು ವಾಲ್ವು ತಿರುಗಿಸಿದ ದಿನ ನಿಮ್ಮ ಬೆಳೆ ಬಾಡಲು ಶುರು.

ಇನ್ನೊಂದು ಮಾತು ನೆನಪಿಡಿ. ಆ ಡಾಲರು ಸಾಲದ ಕಂತಿಗಷ್ಟೇ ಬೇಕಾಗಿಲ್ಲ. ಡೀಸೆಲ್ಲಿಗೆ ಬೇಕು, ಅಡುಗೆ ಎಣ್ಣೆಗೆ ಬೇಕು, ಪೊಟ್ಯಾಶಿಗೆ ಬೇಕು, ರಂಜಕದ ಗೊಬ್ಬರದ ಕಚ್ಚಾ ಮಾಲಿಗೆ ಬೇಕು. ಡಾಲರಿನ ಪೆಟ್ಟಿಗೆ ಬರಿದಾದಾಗ ಕಂತು ಮತ್ತು ಗೊಬ್ಬರ ಎರಡೂ ಒಂದೇ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತವೆ.

ಹಿಂದೆ ಮಕ್ಕಳನ್ನೇ ಒತ್ತೆ ಇಡುತ್ತಿದ್ದರು

ರಾಜ್ಯಗಳು ಹಣ ಕೊಡಲಾರದೆ ಹೋದಾಗ ಹಿಂದಿನ ಕಾಲದಲ್ಲಿ ಏನಾಗುತ್ತಿತ್ತು ಎಂಬುದಕ್ಕೆ ನಮ್ಮ ಕನ್ನಡ ನಾಡೇ ಸಾಕ್ಷಿ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರು ಅರ್ಧ ರಾಜ್ಯ ಬಿಟ್ಟುಕೊಟ್ಟದ್ದಲ್ಲದೆ 3 ಕೋಟಿ 30 ಲಕ್ಷ ರೂಪಾಯಿ ದಂಡ ಕೊಡಬೇಕಾಯಿತು. ಆ ಹಣ ಪೂರ್ತಿ ಸಲ್ಲುವವರೆಗೆ ಅವರ ಇಬ್ಬರು ಗಂಡುಮಕ್ಕಳನ್ನು ಇಂಗ್ಲಿಷರು ಒತ್ತೆಯಾಗಿ ಇಟ್ಟುಕೊಂಡರು. 1794ರಲ್ಲಿ ಹಣ ಸಂದ ಮೇಲೆಯೇ ಮಕ್ಕಳು ಮನೆಗೆ ಬಂದದ್ದು.

1799ರಲ್ಲಿ ಮೈಸೂರು ಒಡೆಯರ ಕೈಗೆ ಬಂದಾಗ, ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕೆಂಬ ಕರಾರು ಬಿತ್ತು. ಆ ಹಣಕ್ಕೆ ಧಕ್ಕೆ ಬರುವಂತಿದ್ದರೆ ರಾಜ್ಯದ ಆಡಳಿತವನ್ನೇ ತಾನು ಕೈಗೆ ತೆಗೆದುಕೊಳ್ಳಬಹುದೆಂಬ ಮಾತನ್ನೂ ಕಂಪನಿ ಕರಾರಿನಲ್ಲಿ ಬರೆಸಿಕೊಂಡಿತ್ತು. ಮುಂದೆ ಕಂದಾಯ ವಸೂಲಿಯ ಭಾರ ರೈತರ ಮೇಲೆ ಬಿತ್ತು. ಇಂತಿಷ್ಟು ಹಣ ತಂದೇ ಕೊಡುತ್ತೇನೆಂದು ಅಮಲ್ದಾರರು ಶರತ್ತು ಬರೆದುಕೊಟ್ಟು, ಆ ಹಣವನ್ನು ಹೊಲದಿಂದ ಹಿಂಡತೊಡಗಿದರು. 1830-31ರಲ್ಲಿ ನಗರ ಸೀಮೆಯ ರೈತರು ತಿರುಗಿಬಿದ್ದರು. ಆಡಳಿತ ಕೆಟ್ಟಿದೆ, ನಮಗೆ ಸಲ್ಲಬೇಕಾದ ಹಣಕ್ಕೆ ಭರವಸೆಯಿಲ್ಲ ಎಂಬ ಕಾರಣ ಮುಂದಿಟ್ಟು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ರಾಜ್ಯದ ಆಡಳಿತವನ್ನು ತೆಗೆದುಕೊಂಡ. ಅದು ಒಡೆಯರಿಗೆ ಮರಳಿ ಬಂದದ್ದು 1881ರಲ್ಲಿ. ಐವತ್ತು ವರ್ಷ! ಅದು ಸಾಲವಲ್ಲ, ವರ್ಷಾಸನದ ಹಣ, ನಿಜ. ಆದರೆ ಹಣ ಕೇಳುವವನ ಕೈಗೆ ಆಡಳಿತದ ಕೀಲಿ ಕೊಟ್ಟರೆ ಏನಾಗುತ್ತದೆ, ಅರಸನ ಬಾಕಿ ಕೊನೆಗೆ ಯಾರ ಕಣಕ್ಕೆ ಬಂದು ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಈಗ ಹಾಗೆ ದಂಡು ತಂದು ದೇಶ ಹಿಡಿಯುವ ಕಾಲವಲ್ಲ. ದೇಶವನ್ನು ಲಿಲಾವು ಹಾಕುವ ಕೋರ್ಟು ಕೂಡ ಇಲ್ಲ. ಹಾಗಾದರೆ ಸುಸ್ತಿದಾರ ದೇಶ ಬಚಾವಾಯಿತೇ? ಇಲ್ಲ. ಅದಕ್ಕೆ ಹೊಸ ಸಾಲ ಹುಟ್ಟುವುದಿಲ್ಲ. ಅದರ ನಾಣ್ಯದ ಬೆಲೆ ಬೀಳುತ್ತದೆ. ಹೊರಗಿನಿಂದ ಮಾಲು ಕಳಿಸುವವರು ಮೊದಲು ಹಣ, ಆಮೇಲೆ ಮಾಲು ಎನ್ನುತ್ತಾರೆ. ಕಡೆಗೆ ಹಣಕಾಸು ನಿಧಿಯ ಬಾಗಿಲಿಗೆ ಹೋದಾಗ, ಖರ್ಚು ಕಡಿಮೆ ಮಾಡು, ತೆರಿಗೆ ಹೆಚ್ಚಿಸು, ರಿಯಾಯಿತಿ ತೆಗೆ ಎಂಬ ಷರತ್ತುಗಳ ಪಟ್ಟಿ ಸಿಗುತ್ತದೆ. ಜಪ್ತಿಯ ಡಂಗುರ ಕೇಳಿಸುವುದಿಲ್ಲ, ಅಷ್ಟೆ. ಜಪ್ತಿ ಅಂಗಡಿಯ ದರಪಟ್ಟಿಯಲ್ಲಿ ನಡೆಯುತ್ತದೆ.

ಶ್ರೀಲಂಕಾದ ಗದ್ದೆಯಲ್ಲಿ ನಡೆದದ್ದು

ಶ್ರೀಲಂಕಾದ ಕಥೆಯನ್ನು ರೈತರಾದವರು ಸ್ವಲ್ಪ ನಿಧಾನವಾಗಿ ಓದಬೇಕು. 2019ರ ಕೊನೆಗೆ ಅಲ್ಲಿಯ ಸರಕಾರ ತೆರಿಗೆಗಳನ್ನು ಬಹಳವಾಗಿ ಇಳಿಸಿತು. ಮರುವರ್ಷ ಕೊರೋನಾ ಬಂದು ಪ್ರವಾಸಿಗರು ನಿಂತರು, ಅವರೊಡನೆ ಡಾಲರೂ ನಿಂತಿತು. ಸಾಲದ ಕಂತುಗಳು ಮಾತ್ರ ನಿಲ್ಲಲಿಲ್ಲ. ಡಾಲರು ಉಳಿಸುವ ದಾರಿಗಳನ್ನು ಹುಡುಕುತ್ತಿದ್ದ ಸರಕಾರ 2021ರ ಮೇ ತಿಂಗಳಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಷೇಧಿಸಿತು. ದೇಶವೆಲ್ಲ ಸಾವಯವ ಕೃಷಿಗೆ ತಿರುಗಲಿ ಎಂಬುದು ಹೊರಗೆ ಹೇಳಿದ ಕಾರಣ. 2020ರಲ್ಲಿ ಆ ದೇಶ ಗೊಬ್ಬರದ ಆಮದಿಗೆ ಸುಮಾರು 26 ಕೋಟಿ ಡಾಲರ್ ಖರ್ಚು ಮಾಡಿತ್ತು. ಅದು ಉಳಿಯಿತು ಎಂಬ ಲೆಕ್ಕವೂ ಒಳಗೆ ಇತ್ತು.

ಸಾವಯವ ಗೊಬ್ಬರದ ಮೇಲೆ ನನಗೆ ಪ್ರೀತಿಯಿದೆ, ಅದನ್ನು ಈ ಪುಟದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ತಿಪ್ಪೆ ಒಂದು ರಾತ್ರಿಯಲ್ಲಿ ಬೆಳೆಯುವುದಿಲ್ಲ. ಹತ್ತು ವರ್ಷ ಯೂರಿಯಾ ಉಂಡ ಗದ್ದೆಗೆ ಒಮ್ಮೆಲೇ ಉಪವಾಸ ಹಾಕಿದರೆ ಏನಾಗಬೇಕೋ ಅದೇ ಆಯಿತು. 2021-22ರ ಮುಖ್ಯ ಹಂಗಾಮಿನಲ್ಲಿ ಭತ್ತದ ಉತ್ಪನ್ನ ಹಿಂದಿನ ವರ್ಷಕ್ಕಿಂತ ಮೂರರಲ್ಲೊಂದು ಪಾಲಿಗೂ ಹೆಚ್ಚು ಕುಸಿಯಿತು. ಅಕ್ಕಿಯಲ್ಲಿ ಸ್ವಾವಲಂಬಿಯಾಗಿದ್ದ ದೇಶ ಅಕ್ಕಿ ತರಿಸಬೇಕಾಯಿತು, ಅದಕ್ಕೂ ಡಾಲರೇ ಬೇಕು. ಡಾಲರು ತಂದುಕೊಡುವ ಬೆಳೆ ಚಹ. 2021ರಲ್ಲಿ ಸುಮಾರು 30 ಕೋಟಿ ಕಿಲೋ ಇದ್ದ ಚಹದ ಉತ್ಪನ್ನ 2022ರಲ್ಲಿ ಸುಮಾರು 25 ಕೋಟಿ ಕಿಲೋಗೆ ಇಳಿಯಿತು. ಗೊಬ್ಬರದಲ್ಲಿ ಉಳಿಸಿದ್ದು ಅಕ್ಕಿಯಲ್ಲಿ ಮತ್ತು ಚಹದಲ್ಲಿ ಹೋಯಿತು. ನಿಷೇಧವನ್ನು ಅದೇ ವರ್ಷ ನವೆಂಬರಿನಲ್ಲಿ ಸಡಿಲಿಸಿದರೂ ಬಿತ್ತನೆಯ ಕಾಲ ಮೀರಿತ್ತು, ಗೊಬ್ಬರ ತರಲು ಕೈಯಲ್ಲಿ ಡಾಲರೂ ಇರಲಿಲ್ಲ.

ಮುಂದಿನದು ನಿಮಗೆ ತಿಳಿದದ್ದೇ. 2022ರ ಮಾರ್ಚಿಗೆ ಮೊದಲು ಸುಮಾರು 200 ಶ್ರೀಲಂಕಾ ರೂಪಾಯಿಗೆ ಸಿಗುತ್ತಿದ್ದ ಡಾಲರು ಮೇ ಹೊತ್ತಿಗೆ 360ರ ಸುತ್ತ ಹೋಯಿತು. ಡೀಸೆಲ್ಲಿಗೆ, ಅಡುಗೆ ಅನಿಲಕ್ಕೆ ದಿನಗಟ್ಟಲೆ ಸರದಿ. ಕೊಲಂಬೊ ಬಂದರಿಗೆ ಬಂದಿಳಿದ ಆಹಾರದ ಮಾಲು ಬಿಡಿಸಿಕೊಳ್ಳಲು ವ್ಯಾಪಾರಿಗಳಲ್ಲಿ ಡಾಲರಿಲ್ಲದೆ ಕಂಟೇನರುಗಳು ಅಲ್ಲೇ ಉಳಿದವು. ಸೆಪ್ಟೆಂಬರಿನಲ್ಲಿ ಬೆಲೆಗಳು ಹಿಂದಿನ ವರ್ಷಕ್ಕಿಂತ ಶೇಕಡಾ 70ರಷ್ಟು ಏರಿದ್ದವು. ಜುಲೈನಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಹೋದರು. ಆ ವರ್ಷ ನಮ್ಮ ದೇಶ ಸುಮಾರು 400 ಕೋಟಿ ಡಾಲರಿನ ನೆರವು ಕೊಟ್ಟಿತು. ಅದರಲ್ಲಿ ಇಂಧನ, ಆಹಾರ, ಔಷಧದ ಜೊತೆಗೆ ಯೂರಿಯಾ ಕೂಡ ಇತ್ತು. ಹಣಕಾಸು ನಿಧಿ 2023ರ ಮಾರ್ಚಿನಲ್ಲಿ 290 ಕೋಟಿ ಡಾಲರಿನ ಸಾಲಕ್ಕೆ ಒಪ್ಪಿತು. ಹೊರಗಿನ ಸಾಲಪತ್ರದವರೊಡನೆ ಹೊಸ ಕರಾರು ಮುಗಿಯುವಾಗ 2024ರ ಡಿಸೆಂಬರ್ ಬಂದಿತ್ತು. ನಡುವೆ 2023ರಲ್ಲಿ ಒಳಸಾಲವನ್ನು ಹೊಂದಿಸುವಾಗ, ಕೂಲಿ ನೌಕರಿ ಮಾಡಿದವರ ಭವಿಷ್ಯ ನಿಧಿಗೆ ಬರಬೇಕಾದ ಬಡ್ಡಿಗೂ ಕತ್ತರಿ ಬಿತ್ತು. ಜಾಮೀನು ಯಾರೆಂದು ಮೊದಲಿಗೆ ಕೇಳಿದೆವಲ್ಲ, ಉತ್ತರ ಇಲ್ಲಿದೆ. ಸಹಿ ಮಾಡದೆಯೇ ಜಾಮೀನು ನಿಂತವರು ಆ ದೇಶದ ದುಡಿಯುವ ಜನ.

ನಮ್ಮ 1991

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರೋಣ. 1990ರಲ್ಲಿ ಇರಾಕ್ ಕುವೈತಿನ ಮೇಲೆ ಬಿದ್ದಾಗ ಎಣ್ಣೆಯ ಬೆಲೆ ಏರಿತು, ಕೊಲ್ಲಿಯಲ್ಲಿ ದುಡಿಯುತ್ತಿದ್ದ ನಮ್ಮವರು ಕಳಿಸುವ ಹಣ ಇಳಿಯಿತು. ಮೊದಲೇ ಹೊರಸಾಲದ ಹೊರೆ ಏರಿತ್ತು. 1991ರ ನಡುವಿಗೆ ನಮ್ಮ ಡಾಲರಿನ ಪೆಟ್ಟಿಗೆಯಲ್ಲಿ ಉಳಿದದ್ದು ಸುಮಾರು ಎರಡು ವಾರದ ಆಮದಿಗೆ ಸಾಕಾಗುವಷ್ಟು. ಆಗ ಚಿನ್ನ ಹೊರಗೆ ಹೋಯಿತು. ಮೇ ತಿಂಗಳಲ್ಲಿ ಸ್ಟೇಟ್ ಬ್ಯಾಂಕಿನ ಮೂಲಕ 20 ಟನ್, ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್. ಈ ಎರಡನೆಯ ಕಂತಿನ ಮೇಲೆ ಸಿಕ್ಕ ಸಾಲ 40.5 ಕೋಟಿ ಡಾಲರ್. ಮನೆಯ ಹೆಣ್ಣುಮಗಳು ಕೊರಳಿನದನ್ನು ಬಿಚ್ಚಿ ಕೊಟ್ಟು ಮನೆಯ ಮರ್ಯಾದೆ ಉಳಿಸಿದಂತೆಯೇ ಇದು. ಭಾರತ ಒಂದು ಕಂತನ್ನೂ ತಪ್ಪಿಸಲಿಲ್ಲ. ಚಿನ್ನದ ಮೇಲಿನ ಆ ಸಾಲ ಅದೇ ವರ್ಷ ತೀರಿತು.

ಸುಸ್ತಿಯಾಗಲಿಲ್ಲ ಎಂದಮಾತ್ರಕ್ಕೆ ಬೆಲೆ ತೆರಲಿಲ್ಲವೆಂದಲ್ಲ. ಜುಲೈ 1 ಮತ್ತು 3ರಂದು ರೂಪಾಯಿಯ ಬೆಲೆಯನ್ನು ಎರಡು ಹೆಜ್ಜೆಯಲ್ಲಿ ಇಳಿಸಲಾಯಿತು. 21 ರೂಪಾಯಿಯ ಡಾಲರು ಸುಮಾರು 26 ಆಯಿತು. ಜುಲೈ 24ರಂದು ಹಣಕಾಸು ಸಚಿವ ಮನಮೋಹನ ಸಿಂಗರು ಮಂಡಿಸಿದ ಮುಂಗಡಪತ್ರದಲ್ಲಿ ಗೊಬ್ಬರದ ಬೆಲೆ ಶೇಕಡಾ 40 ಏರಿತು. ರೈತರಿಂದ, ಸಂಸತ್ತಿನಿಂದ ಕೂಗೆದ್ದ ಮೇಲೆ ಆಗಸ್ಟಿನಲ್ಲಿ ಅದನ್ನು ಶೇಕಡಾ 30ಕ್ಕೆ ತಂದು, ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ವಿನಾಯಿತಿ ಕೊಟ್ಟರು. ಟನ್ನಿಗೆ 2,350 ರೂಪಾಯಿ ಇದ್ದ ಯೂರಿಯಾ 3,300ಕ್ಕೆ ಹೋಗಿ 3,060ಕ್ಕೆ ನಿಂತಿತು.

ದೊಡ್ಡ ಪೆಟ್ಟು ಬಿದ್ದದ್ದು ಮರುವರ್ಷ. ಖರ್ಚು ಇಳಿಸುವ ಒತ್ತಡದಲ್ಲಿ 1992ರ ಆಗಸ್ಟಿನಲ್ಲಿ ರಂಜಕ ಮತ್ತು ಪೊಟ್ಯಾಶ್ ಗೊಬ್ಬರಗಳ ಬೆಲೆಯ ನಿಯಂತ್ರಣವನ್ನು ಸರಕಾರ ತೆಗೆದುಹಾಕಿತು. ಡಿಎಪಿ, ಪೊಟ್ಯಾಶ್ ಬೆಲೆ ಮೇಲಕ್ಕೆ ಹಾರಿತು. ಅದೇ ದಿನಗಳಲ್ಲಿ ಯೂರಿಯಾ ಬೆಲೆಯನ್ನು ಮಾತ್ರ ಶೇಕಡಾ 10 ಇಳಿಸಿ 2,760 ಮಾಡಿದರು. ಆ ಹಿಂಗಾರಿನಿಂದಲೇ ಡಿಎಪಿ, ಪೊಟ್ಯಾಶಿಗೆ ಸ್ವಲ್ಪ ರಿಯಾಯಿತಿ ಕೊಟ್ಟರೂ ಬೆಲೆಯ ಅಂತರ ಮುಚ್ಚಲಿಲ್ಲ.

ರೈತ ಏನು ಮಾಡಿದ? ಅಗ್ಗವಾಗಿ ಸಿಕ್ಕದ್ದನ್ನು ಸುರಿದ. 1991-92ರಲ್ಲಿ ದೇಶದಲ್ಲಿ ಒಂದು ಪಾಲು ಪೊಟ್ಯಾಶಿಗೆ 2.4 ಪಾಲು ರಂಜಕ, 5.9 ಪಾಲು ಸಾರಜನಕ ಬಳಕೆಯಾಗುತ್ತಿತ್ತು. 1992-93ರಲ್ಲಿ ಅದು 3.2 ಮತ್ತು 9.5 ಆಯಿತು. ಸಾಮಾನ್ಯವಾಗಿ ಹೇಳುವ ಹದ ನಾಲ್ಕಕ್ಕೆ ಎರಡಕ್ಕೆ ಒಂದು. ಎಲೆ ಹಸಿರಾಗಿ ಕಂಡಿತು, ಮನಸ್ಸಿಗೆ ಸಮಾಧಾನವಾಯಿತು. ಆದರೆ ಬರಿ ಯೂರಿಯಾ ಉಂಡ ಕಬ್ಬು ಮೆತ್ತಗಾಗಿ ಬೀಳುತ್ತದೆ, ಹುಳಕ್ಕೆ ರುಚಿಯಾಗುತ್ತದೆ, ರಸದಲ್ಲಿ ಸಕ್ಕರೆಯ ಅಂಶ ಇಳಿಯುತ್ತದೆ. ಅಂದರೆ ದಿಲ್ಲಿಯ ಡಾಲರಿನ ಕೊರತೆ ನಮ್ಮ ನೆಲದ ಪೋಷಕಾಂಶದ ಕೊರತೆಯಾಗಿ ಬಂದು ಕುಳಿತಿತು. ಡಾಲರಿನ ಪೆಟ್ಟಿಗೆ ಎರಡು ಮೂರು ವರ್ಷಗಳಲ್ಲಿ ತುಂಬಿತು. ಯೂರಿಯಾದ ಚಟ ಇಂದಿಗೂ ಬಿಟ್ಟಿಲ್ಲ.

ಶ್ರೀಲಂಕಾದ ಸರಕಾರ 2021ರಲ್ಲಿ ಮಾಡಿದ್ದೂ, ನಮ್ಮ ರೈತರು 1992ರಲ್ಲಿ ಮಾಡಿದ್ದೂ ಬೇರೆ ಬೇರೆಯಾಗಿ ಕಂಡರೂ ಒಳಗೆ ಒಂದೇ. ಹಣದ ಅಡಚಣೆಯನ್ನು ಮಣ್ಣಿನ ಲೆಕ್ಕದಲ್ಲಿ ಹೊಂದಿಸಲು ಹೋದದ್ದು.

ರೈತನ ಮಾಲಿನ ಮೇಲೂ ಕಣ್ಣು

ಸುಸ್ತಿಯಾದ ದೇಶ ಗೊಬ್ಬರದ ಕಡೆಯಿಂದಷ್ಟೇ ರೈತನನ್ನು ಹಿಡಿಯುವುದಿಲ್ಲ, ಮಾಲಿನ ಕಡೆಯಿಂದಲೂ ಹಿಡಿಯುತ್ತದೆ. ದಕ್ಷಿಣ ಅಮೆರಿಕದ ಅರ್ಜೆಂಟೀನಾ ಗೋದಿ, ಸೋಯಾ, ದನದ ಸೀಮೆ. 2001ರ ಡಿಸೆಂಬರಿನಲ್ಲಿ ಅದು ಸಾಲ ಕಟ್ಟುವುದನ್ನು ನಿಲ್ಲಿಸಿತು. ಒಂದು ಡಾಲರಿಗೆ ಒಂದು ಪೆಸೊ ಎಂದಿದ್ದ ನಾಣ್ಯ 2002ರಲ್ಲಿ ಮೂರಕ್ಕೂ ಮೇಲೆ ಕುಸಿಯಿತು. ಹೊರಗೆ ಮಾರುವ ರೈತನಿಗೆ ಇದರಿಂದ ಲಾಭವೇ ಆಗಬೇಕು, ಒಂದು ಡಾಲರಿನ ಮಾಲಿಗೆ ಮೂರು ಪೆಸೊ ಬರುತ್ತದೆ. ಆದರೆ ಬರಿಗೈಯಾಗಿದ್ದ ಸರಕಾರ ಅದೇ ವರ್ಷ ರಫ್ತಿನ ಮೇಲೆ ತೆರಿಗೆ ಹಾಕಿತು. ಸೋಯಾ ಮೇಲಿನ ತೆರಿಗೆ 2002ರಲ್ಲಿ ಶೇಕಡಾ 23.5 ಇದ್ದದ್ದು 2007ರ ಕೊನೆಗೆ 35 ಆಯಿತು. 2008ರ ಮಾರ್ಚಿನಲ್ಲಿ ಅದನ್ನು ಮತ್ತೆ ಏರಿಸಹೊರಟಾಗ ರೈತರು ತಿಂಗಳುಗಟ್ಟಲೆ ರಸ್ತೆ ತಡೆದರು. ಜುಲೈನಲ್ಲಿ ಆ ಮಸೂದೆ ಅಲ್ಲಿಯ ಮೇಲ್ಮನೆಯಲ್ಲಿ ಸಮಸಮ ಮತ ಬಂದು, ಉಪಾಧ್ಯಕ್ಷರ ಒಂದು ಮತದಿಂದ ಬಿದ್ದುಹೋಯಿತು. ದೇಶದಲ್ಲಿ ಡಾಲರು ತರುವವನು ರೈತನೊಬ್ಬನೇ ಎಂದಾದಾಗ ಸರಕಾರದ ಕೈ ಮೊದಲು ಅವನ ಕಣಜಕ್ಕೇ ಹೋಗುತ್ತದೆ.

ಕೊಳ್ಳುವ ದೇಶ ಸುಸ್ತಿಯಾದರೂ ನಮಗೆ ನಷ್ಟವುಂಟು. ಶ್ರೀಲಂಕಾ ನಮ್ಮ ದೇಶದ ಉಳ್ಳಾಗಡ್ಡಿ ಮತ್ತು ಒಣಮೆಣಸಿನಕಾಯಿಯ ಹಳೆಯ ಗಿರಾಕಿ. ಗಿರಾಕಿಯ ಜೇಬಿನಲ್ಲಿ ಡಾಲರಿಲ್ಲದಿದ್ದರೆ ಲಿಲಾವಿನ ಕಟ್ಟೆಯಲ್ಲಿ ಒಂದು ಕೂಗು ಕಡಿಮೆಯಾಗುತ್ತದೆ. ಕೊಲಂಬೊದ ಸುದ್ದಿಗೂ ಬಾಗಲಕೋಟೆಯ ಪೇಟೆಗೂ ಇರುವ ದಾರಿ ನಾವು ತಿಳಿದಷ್ಟು ಉದ್ದವಾಗಿಲ್ಲ.

ಎಲ್ಲ ಸಾಲವೂ ಕೆಟ್ಟದ್ದೇ?

ಅಲ್ಲ. ಇದಕ್ಕೆ ಉದಾಹರಣೆ ನಮ್ಮ ತಾಲೂಕಿನ ಎರಡೂ ಮಗ್ಗುಲಲ್ಲಿದೆ. ಬೀಳಗಿಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಆಲಮಟ್ಟಿಯ ಹಿನ್ನೀರು ಎರಡೂ ಕಡೆಯಿಂದ ಏರಿ ಬಂದದ್ದನ್ನು ನೀವು ಕಂಡವರು. ಆ ಕೃಷ್ಣಾ ಮೇಲ್ದಂಡೆ ಯೋಜನೆಗೆ 1978ರಲ್ಲಿ ಒಮ್ಮೆ, 1989ರಲ್ಲಿ ಮತ್ತೊಮ್ಮೆ ವಿಶ್ವ ಬ್ಯಾಂಕಿನ ಸಾಲ ಬಂದಿತ್ತು. ಅದು ಡಾಲರಿನ ಸಾಲವೇ. ಆದರೆ ಅದು ಕಾಲುವೆಯಾಯಿತು, ನೀರಾಯಿತು, ವರ್ಷವರ್ಷವೂ ಬೆಳೆ ಕೊಡುವ ಆಸ್ತಿಯಾಯಿತು. ಬಾವಿ ತೋಡಲು ಮಾಡಿದ ಸಾಲಕ್ಕೂ ಜಾತ್ರೆಯ ಊಟಕ್ಕೆ ಮಾಡಿದ ಸಾಲಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ.

ಆದರೆ ಸಾಲಪತ್ರದಲ್ಲಿ ಬರೆಯದ ಇನ್ನೊಂದು ಸಾಲವಿದೆ. ನೀರು ನಿಂತದ್ದು ಒಬ್ಬರ ಹೊಲದಲ್ಲಿ, ಹರಿದದ್ದು ಇನ್ನೊಬ್ಬರ ಹೊಲಕ್ಕೆ. ಊರು ಮನೆ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದವರಿಗೆ ನಾಡು ಕೊಡಬೇಕಾದ ಬಾಕಿ ಅದು. ಈ ಪುನರ್ವಸತಿ ಕೆಲಸ ಹಿಂದೆ ಬಿದ್ದಾಗ ವಿಶ್ವ ಬ್ಯಾಂಕು 1990ರ ದಶಕದಲ್ಲಿ ಹಣ ಬಿಡುವುದನ್ನೇ ತಡೆಹಿಡಿದಿತ್ತು. ಹೊರಗಿನವನ ಕಂತು ತಪ್ಪಿದರೆ ಜಗತ್ತೆಲ್ಲ ಕೇಳುವಂತೆ ಸುದ್ದಿಯಾಗುತ್ತದೆ. ಮನೆಯವರ ಬಾಕಿ ತಪ್ಪಿದರೆ ಕೇಳುವವರು ಕಡಿಮೆ. ದೇಶದ ಸಾಲದ ಮಾತಾಡುವಾಗ ಈ ಲೆಕ್ಕವನ್ನೂ ಮರೆಯಬಾರದು.

ಇಂದು ನಮ್ಮ ದೇಶದ ಸ್ಥಿತಿ 1991ರಂತಿಲ್ಲ. 2024ರಲ್ಲಿ ನಮ್ಮ ವಿದೇಶಿ ವಿನಿಮಯದ ಸಂಗ್ರಹ 60,000 ಕೋಟಿ ಡಾಲರಿಗೂ ಹೆಚ್ಚಿತ್ತು. ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಪೊಟ್ಯಾಶನ್ನು ನಾವು ಪೂರ್ತಿ ಹೊರಗಿನಿಂದಲೇ ತರುತ್ತೇವೆ, ರಂಜಕದ ಕಚ್ಚಾ ಮಾಲಿನ ಬಹುಪಾಲೂ ಹಾಗೆಯೇ. 2022ರಲ್ಲಿ ಉಕ್ರೇನ್ ಯುದ್ಧದಿಂದ ಜಗತ್ತಿನ ಬೆಲೆ ಏರಿದಾಗ ಡಿಎಪಿ ಚೀಲವನ್ನು ನಿಮಗೆ 1,350 ರೂಪಾಯಿಗೆ ಕೊಡಲು ಸರಕಾರ ಅದಕ್ಕಿಂತ ಹೆಚ್ಚಿನ ಹಣವನ್ನು ತಾನು ಹಾಕಬೇಕಾಯಿತು. 2022-23ರಲ್ಲಿ ಗೊಬ್ಬರದ ಸಹಾಯಧನವೇ ಸುಮಾರು ಎರಡೂವರೆ ಲಕ್ಷ ಕೋಟಿ ರೂಪಾಯಿ. ಇಷ್ಟು ಭಾರ ಹೊತ್ತ ಹಗ್ಗ ಯಾವಾಗಲೂ ಹೀಗೆಯೇ ಗಟ್ಟಿಯಾಗಿರುತ್ತದೆಂದು ನಂಬಿ ಕೂರುವುದು ಜಾಣತನವಲ್ಲ.

ನಮ್ಮ ಕೈಯಲ್ಲಿರುವ ಕೆಲಸ

ದೇಶದ ಸಾಲ ತೀರಿಸುವುದು ನಿಮ್ಮ ಕೈಯಲ್ಲಿಲ್ಲ. ಆದರೆ ಡಾಲರಿನ ಮೇಲೆ ನಿಮ್ಮ ಹೊಲ ಎಷ್ಟು ಒರಗಿರಬೇಕು ಎಂಬುದು ನಿಮ್ಮ ಕೈಯಲ್ಲಿದೆ. ಈ ಕೆಳಗಿನ ಕೆಲಸಗಳನ್ನು ಈ ಹಂಗಾಮಿನಿಂದಲೇ ಹಿಡಿಯಿರಿ.

ಒಂದು, ಮಣ್ಣು ಪರೀಕ್ಷೆ. ನಮ್ಮ ಎರೆ ಭೂಮಿಗಳಲ್ಲಿ ಹಲವು ಕಡೆ ಪೊಟ್ಯಾಶ್ ಸಾಕಷ್ಟಿರುತ್ತದೆ, ಮಸಾರಿಯಲ್ಲಿ ಕಡಿಮೆ. ಇದ್ದಲ್ಲಿ ಮತ್ತೆ ಹಾಕುವುದೂ ನಷ್ಟ, ಇಲ್ಲದಲ್ಲಿ ಬಿಡುವುದೂ ನಷ್ಟ. ಎಕರೆಯಲ್ಲಿ ಎಂಟು ಹತ್ತು ಕಡೆ ಒಂದು ಗೇಣು ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಆರಿಸಿ, ಅರ್ಧ ಕಿಲೋದಷ್ಟನ್ನು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ತಿಪ್ಪೆಯ ಜಾಗ, ಬದುವಿನ ಅಂಚು, ಗಿಡದ ನೆರಳಿನ ಮಣ್ಣು ಬೇಡ.

ಎರಡು, ರವದಿಗೆ ಬೆಂಕಿ ಹಚ್ಚಬೇಡಿ. ಮುಧೋಳ, ಜಮಖಂಡಿ, ಬೀಳಗಿಯ ಕಬ್ಬಿನ ಹೊಲಗಳಲ್ಲಿ ಕಟಾವಾದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ರವದಿ ಉಳಿಯುತ್ತದೆ. ಅದನ್ನು ಸುಟ್ಟರೆ ಸಾರಜನಕವೂ ಮಣ್ಣಿಗೆ ಸೇರಬೇಕಾದ ಸಾವಯವ ಅಂಶವೂ ಹೊಗೆಯಾಗಿ ಹೋಗುತ್ತವೆ. ಕುಳೆ ಕಬ್ಬಿನ ಸಾಲುಗಳ ನಡುವೆ ಅದನ್ನು ಹರಡಿ, ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, ಒಂದು ಕಿಲೋ ಕೊಳೆಸುವ ಜೀವಾಣುವಿನ ಪುಡಿ ಹಾಕಿ ನೀರು ಹಾಯಿಸಿ. ಪೊಟ್ಯಾಶ್ ಮರಳಿ ನೆಲಕ್ಕೆ ಬರುತ್ತದೆ, ಹಸಿಯೂ ಉಳಿಯುತ್ತದೆ. ಅದು ಡಾಲರಿಲ್ಲದೆ ಬಂದ ಗೊಬ್ಬರ.

ಮೂರು, ಡಿಎಪಿ ಸಿಗದಿದ್ದರೆ ಅಂಗಡಿಯ ಮುಂದೆ ಜಗಳ ಮಾಡಬೇಡಿ, ಲೆಕ್ಕ ಮಾಡಿ. ಐವತ್ತು ಕಿಲೋ ಡಿಎಪಿಯಲ್ಲಿ 23 ಕಿಲೋ ರಂಜಕ, 9 ಕಿಲೋ ಸಾರಜನಕ ಇರುತ್ತವೆ. ಮೂರು ಚೀಲ ಸೂಪರ್ ಫಾಸ್ಫೇಟ್ ಮತ್ತು 20 ಕಿಲೋ ಯೂರಿಯಾ ಸೇರಿಸಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಮೇಲಾಗಿ ಸುಮಾರು 16 ಕಿಲೋ ಗಂಧಕವೂ ಸಿಗುತ್ತದೆ. ಉಳ್ಳಾಗಡ್ಡಿ, ಶೇಂಗಾ, ಸೂರ್ಯಕಾಂತಿಗೆ ಗಂಧಕ ಬಹಳ ಒಳ್ಳೆಯದು. ಸಕ್ಕರೆ ಕಾರ್ಖಾನೆಯ ಕೊಳೆತ ಪ್ರೆಸ್‌ಮಡ್ ಸಿಕ್ಕರೆ ಬಿಡಬೇಡಿ, ಅದರಲ್ಲೂ ರಂಜಕವಿದೆ.

ನಾಲ್ಕು, ಕಬ್ಬಿನ ಮೇಲೆ ಕಬ್ಬು ಹಾಕುವ ರೂಢಿಯ ನಡುವೆ ಒಂದು ದ್ವಿದಳ ಬೆಳೆ ತನ್ನಿ. ಸೆಣಬನ್ನು ಹೂವಾಡುವ ಮೊದಲೇ, ಸುಮಾರು 45 ದಿನಕ್ಕೆ, ಮಣ್ಣಿಗೆ ಮಗುಚಿ. ಇಲ್ಲವೆ ಕಡಲೆ, ಹೆಸರು ಬಿತ್ತಿ. ಬೀಜಕ್ಕೆ ಜೀವಾಣು ಗೊಬ್ಬರ ಹಚ್ಚಲು ತಗಲುವ ಖರ್ಚು ಅತ್ಯಲ್ಪ.

ಐದು, ಇದೆಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಿ ರಾಸಾಯನಿಕ ಗೊಬ್ಬರ ಪೂರ್ತಿ ಬಿಡುತ್ತೇನೆ ಎನ್ನಬೇಡಿ. ಶ್ರೀಲಂಕಾದ ಗದ್ದೆ ನೆನಪಿರಲಿ. ಎಕರೆಯಲ್ಲಿ ಹತ್ತು ಗುಂಟೆ ಮೊದಲು ಮಾಡಿ ನೋಡಿ, ಇಳುವರಿ ತೂಗಿ, ಮರುವರ್ಷ ಇಪ್ಪತ್ತು ಗುಂಟೆಗೆ ಹೋಗಿ.

ಕೊನೆಯ ಮಾತು ನಿಮ್ಮ ಸ್ವಂತ ಸಾಲದ್ದು. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಹೆಸರಾದದ್ದು ನಮ್ಮ ಗದಗ ಸೀಮೆಯ ಕಣಗಿನಹಾಳದ್ದು, 1905ರಲ್ಲಿ ಹುಟ್ಟಿದ್ದು. ಸಾಲವನ್ನು ಊರವರೇ ಕೂಡಿ ಕೊಟ್ಟುಕೊಂಡು, ಊರವರೇ ಕೂಡಿ ತೀರಿಸುವ ವಿದ್ಯೆ ನಮ್ಮ ನೆಲದಲ್ಲೇ ಬೇರು ಬಿಟ್ಟದ್ದು. ದೇಶಕ್ಕೆ ಹೇಳುವ ಬುದ್ಧಿ ಮನೆಗೂ ಸಲ್ಲುತ್ತದೆ. ಬಾವಿಗೆ, ಹನಿ ನೀರಾವರಿಗೆ, ಎತ್ತಿಗೆ ಮಾಡಿದ ಸಾಲ ತನ್ನ ಕಂತನ್ನು ತಾನೇ ದುಡಿದು ಕಟ್ಟುತ್ತದೆ. ಮದುವೆ ಮುಂಜಿಯ ಸಾಲಕ್ಕೆ ನೀವು ದುಡಿಯಬೇಕು. ಕಂತು ತಪ್ಪುವ ಹಾಗಿದ್ದರೆ ಸೊಸೈಟಿಯ ಕಾರ್ಯದರ್ಶಿಯಿಂದ ತಲೆ ತಪ್ಪಿಸಿಕೊಂಡು ತಿರುಗಬೇಡಿ. ಅವಧಿ ಮುಗಿಯುವ ಮೊದಲೇ ಹೋಗಿ ಅಡಚಣೆ ಹೇಳಿ, ಅವಧಿ ಮುಂದೂಡಲು ಬರುತ್ತದೆಯೇ ಕೇಳಿ. ಶ್ರೀಲಂಕಾ ಆ ಮಾತನ್ನು ಹೇಳಲು ಪೆಟ್ಟಿಗೆ ಪೂರ್ತಿ ಬರಿದಾಗುವವರೆಗೆ ಕಾಯಿತು. ಮೊದಲೇ ಹೇಳಿದ್ದರೆ ಅಷ್ಟು ಜನ ಅಷ್ಟು ದಿನ ಡೀಸೆಲ್ಲಿನ ಸರದಿಯಲ್ಲಿ ನಿಲ್ಲಬೇಕಾಗಿರಲಿಲ್ಲ.

ಈ ವಾರ ಮಣ್ಣಿನ ಮಾದರಿ ತೆಗೆಯಿರಿ. ಮುಂಗಾರಿನ ಮೋಡ ಕಟ್ಟಿದ ಮೇಲೆ ಪ್ರಯೋಗಶಾಲೆಯಲ್ಲಿ ಗದ್ದಲ, ಫಲಿತಾಂಶ ಬಿತ್ತನೆಯ ಹೊತ್ತಿಗೆ ಕೈಗೆ ಸಿಗಲಾರದು.